ಆಯುಧಪೂಜೆಗೆ ಕೆಟ್ಟುಹೋದ ವಿಡಿಯೋ ಗೇಮ್

ಬೋರ್ಡಿಗೆ ಸೋಲ್ಡರ್ ಬೆಸುಗೆ ಹಾಕುವಾಗ ಏಳುವ ಹೊಗೆ ಇವತ್ತು ಮೂಗಿಗೆ ಬಡಿಯಿತು, ನಮ್ಮೂರು ಗುಬ್ಬಿಯ ಎದುರುಮನೆ ಅತ್ತೆ ನೆನಪಾದರು. "ಇದೇನ್ಲಾ, ಸಾಂಬ್ರಾಣಿ ವಾಸ್ನೆ!" ನನ್ನ ಅಂಗಡಿಗೆ ಬಂದಾಗಲೆಲ್ಲ ಅನ್ನುತ್ತಿದ್ದರು. ಸಂಬಂಧದಲ್ಲಿ ಏನೂ ಅಲ್ಲ, ಇಡೀ ಬೀದಿಗೇ ಅತ್ತೆ.

ಅವರಿಗೆ ಮಕ್ಕಳಿರಲಿಲ್ಲ. ಸಂಜೆ ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಗಂಡ ಹೆಂಡತಿ ಟಿವಿ ಮುಂದೆ ಕೂತು ವಿಡಿಯೋ ಗೇಮ್ ಆಡುತ್ತಿದ್ದರು. ಸೋತವರು ಮಾರನೇ ದಿನ ಕಾಯಿ ತುರಿಯಬೇಕು. ಬೀದಿಯವರು ನಗುತ್ತಿದ್ದರು; ನಕ್ಕರೆ ಇವರಿಗೇನು! ಮಾವ ತೀರಿಕೊಂಡ ಮೇಲೆ ಅತ್ತೆ ಆಡಲಿಲ್ಲ. ಆಟ ಹಾಕಿ, ಶುರುವಿನ ಸಂಗೀತ ಕೇಳಿ, ಆರಿಸಿಬಿಡುತ್ತಿದ್ದರು... ಅಷ್ಟೇ.

ಒಂದು ದಿನ ಗೇಮ್ ಪೆಟ್ಟಿಗೆ ಕೆಟ್ಟು ಅದೂ ನಿಂತಿತು. ತುಮಕೂರಿನ ನನ್ನ ರಿಪೇರಿ ಅಂಗಡಿಗೆ ಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು. "ಒಂದ್ಸಲ ಆ ರಾಗ ಕೇಳ್ಬೇಕು ಕಣೋ. ನಿಮ್ಮಾವ ಅದನ್ನ ಗುನುಗ್ತಾನೇ ಬಂದು ಕೂರೋರು."

ಬಿಚ್ಚಿ ನೋಡಿದರೆ, ಅಯ್ಯೋ ಶಿವನೇ! ಪ್ರತಿ ಆಯುಧಪೂಜೆಗೂ ಮಿಕ್ಸಿ, ಟಿವಿ ಜೊತೆ ಇದಕ್ಕೂ ಕುಂಕುಮ ಇಟ್ಟು ಕಳಸದ ನೀರು ಚಿಮುಕಿಸಿದ್ದರು. ನೀರು ಒಳಗಿಳಿದು ಸರ್ಕ್ಯೂಟ್ ಬೋರ್ಡ್ ಕಿಲುಬು ಹಿಡಿದು ಹಸಿರುಗಟ್ಟಿತ್ತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಯಾರೋ ಪುಣ್ಯಾತ್ಮರು ಆ ಹಳೇ ಬೋರ್ಡಿನ ನಕ್ಷೆಯನ್ನು ಹೊಸದಾಗಿ ಬರೆದು, ಬೇಕಾದವರು ಮಾಡಿಸಿಕೊಳ್ಳಲಿ ಎಂದು ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ನಾನೂ ಒಂದು ಮಾಡಿಸಿದೆ. ಆದರೆ ಅದರ ಮೇಲೆ ಕೂರಿಸಲು ಹಳೆಯ ಚಿಪ್‌ಗಳೇ ಬೇಕು. ಅವನ್ನು ಈಗ ಯಾರೂ ತಯಾರಿಸುವುದಿಲ್ಲ. ಅತ್ತೆಯ ಬೋರ್ಡಿನಿಂದ ಕೀಳಲು ಹೋದೆ. ಚಿಪ್‌ಗಳ ತುಕ್ಕು ಹಿಡಿದ ತಂತಿಕಾಲುಗಳು ಪುಡಿಪುಡಿಯಾಗಿ ಉದುರಿದವು.

"ನಾನ್ ಹಾಕಿದ್ ನೀರಿಂದ್ಲೇನೋ?" ಎಂದು ಅತ್ತೆ ಕೇಳಿದರು.

"ಇಲ್ಲ ಅತ್ತೆ, ಹಳೇದಾಗಿತ್ತು ಬಿಡಿ."

ನಂಬಲಿಲ್ಲ. ಆ ವರ್ಷ ಹಬ್ಬಕ್ಕೆ ಮಿಕ್ಸಿಗೂ ಕುಂಕುಮ ಇಡಲಿಲ್ಲವಂತೆ.

ಹುಡುಕಿದೆ, ಊರೂರು ಹುಡುಕಿದೆ. ಅದೇ ಜಾತಿಯ ಇನ್ನೊಂದು ಪೆಟ್ಟಿಗೆ ಕುಣಿಗಲ್‌ನ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು ಮೊನ್ನೆ. ಅತ್ತೆ ತೀರಿಹೋದದ್ದು ಅದಕ್ಕೂ ಮೊದಲೇ, ಶ್ರಾವಣದಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ನನ್ನ ಕೆಲಸವೂ ಹಾಗೇ ಆಯಿತು.

ಆದರೂ ಇವತ್ತು ಕೆಟ್ಟಿದ್ದ ಆ ಪೆಟ್ಟಿಗೆಯಿಂದ ಸರಿಯಿದ್ದ ಚಿಪ್‌ಗಳನ್ನು ಕಿತ್ತು ಹೊಸ ಬೋರ್ಡಿಗೆ ಕೂರಿಸಿದೆ. ಅಂಗಡಿಯಲ್ಲೇ ಉಳಿದಿದ್ದ ಅತ್ತೆಯ ಗೇಮ್ ಕ್ಯಾಸೆಟ್ ಹಾಕಿದೆ. ಟಿವಿ ಪರದೆ ಬೆಳಗಿತು! ರಾಗ ಅಂಗಡಿ ತುಂಬ ಕೇಳಿಸಿತು. ರಾಗ ಮುಗಿದು, ಒಬ್ಬರ ಆಟವೋ ಇಬ್ಬರ ಆಟವೋ ಎಂದು ಪರದೆ ಕೇಳುತ್ತಾ ನಿಂತಿತು. ಅತ್ತೆಯ ಹಾಗೇ ನಾನೂ ಅಲ್ಲಿಗೇ ಸ್ವಿಚ್ ಆರಿಸಿದೆ.