ಕಾಲು ಕಲಿಯದ ವರ್ಷಗಳು

ಎಂಟನೇ ಕ್ಲಾಸಿನಲ್ಲಿದ್ದಾಗಲೇ ನನಗೆ ಮೀಸೆ ಚಿಗುರಿತ್ತು. ಅಪ್ಪನ ಷರಟು ನನಗೆ ಸರಿಯಾಗಿ ಆಗುತ್ತಿತ್ತು. ತಮ್ಮ ನನಗಿಂತ ಒಂದೂವರೆ ವರ್ಷಕ್ಕೆ ಚಿಕ್ಕವನು, ಆದರೆ ಪಕ್ಕದಲ್ಲಿ ನಿಂತರೆ ನನ್ನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಯಾರಾದರೂ ಅದನ್ನು ಹಿಡಿದು ತಮಾಷೆ ಮಾಡಿದರೆ ನಾನು ನಗುತ್ತಿದ್ದೆ, ಅವನು ನಗುತ್ತಿರಲಿಲ್ಲ.

ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದರು. ಕಾರ್ಖಾನೆಗೆ ತನ್ನದೇ ಮೈದಾನವಿತ್ತು, ಫುಟ್‌ಬಾಲ್ ಟೀಮೂ ಇತ್ತು. ಸಂಜೆ ಹೊತ್ತು ಕೆಲಸಗಾರರ ಮಕ್ಕಳಿಗೆ ಆಟ ಕಲಿಸುತ್ತಿದ್ದವರು ಇನ್‌ಸ್ಪೆಕ್ಷನ್ ವಿಭಾಗದ ಒಬ್ಬರು. ಅವರನ್ನು ನಾವು ಕೋಚ್ ಸಾರ್ ಎನ್ನುತ್ತಿದ್ದೆವು. ಹಗಲೆಲ್ಲ ಗೇಜು ಹಿಡಿದು ಬಿಡಿಭಾಗಗಳನ್ನು ಅಳೆದು ಬರುತ್ತಿದ್ದ ಅವರಿಗೆ ನಮ್ಮನ್ನೂ ಅಳೆಯುವ ಚಟವಿತ್ತು. ಪ್ರತಿ ವರ್ಷ ಶಾಲೆ ಶುರುವಾದ ಕೂಡಲೇ ಮೈದಾನದ ಮೂಲೆಯಲ್ಲಿ ಎಂಟು ಇಟ್ಟಿಗೆಗಳನ್ನು ಸಾಲಾಗಿ ಇಡುತ್ತಿದ್ದರು. ಚೆಂಡನ್ನು ಅವುಗಳ ನಡುವೆ ಸುತ್ತಿಸಿಕೊಂಡು ಹೋಗಿ ವಾಪಸ್ ಬರಬೇಕು, ಆಮೇಲೆ ಚೆಂಡಿಲ್ಲದೆ ಅಷ್ಟೇ ದೂರ ಓಡಬೇಕು. ಸ್ಟಾಪ್‌ವಾಚ್ ನೋಡಿ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

"ಹೆದರ್ಕೋಬೇಡ್ರೋ. ವಯಸ್ಸಾಗ್ತಾ ಆಗ್ತಾ ಕಾಲು ತಾನೇ ಕಲಿಯುತ್ತೆ," ಎನ್ನುತ್ತಿದ್ದರು. ನಾವು ನಂಬಿದೆವು. ಅವರೂ ನಂಬಿದ್ದರು ಅನ್ನಿಸುತ್ತದೆ.

ಓಟದಲ್ಲಿ ನಾನೇ ಮೊದಲು. ಇಟ್ಟಿಗೆಗಳ ನಡುವೆ ಮಾತ್ರ ತಮ್ಮನನ್ನು ಯಾರೂ ಮೀರುತ್ತಿರಲಿಲ್ಲ. ಚೆಂಡು ಅವನ ಪಾದಕ್ಕೆ ಅಂಟಿಕೊಂಡು ಹೋಗುತ್ತಿತ್ತು. ಶಾಲೆ ಬಿಟ್ಟು ಬಂದವನೇ ಮನೆ ಹಿಂದಿನ ಕಾಂಪೌಂಡ್ ಗೋಡೆಗೆ ಎಡಗಾಲಲ್ಲಿ ಒಮ್ಮೆ, ಬಲಗಾಲಲ್ಲಿ ಒಮ್ಮೆ ಹೊಡೆಯುತ್ತಾ ನಿಂತುಬಿಡುತ್ತಿದ್ದ. ಪಕ್ಕದ ಮನೆಯವರು ಬಂದು ಅಮ್ಮನಿಗೆ ಬೈದು ಹೋಗುವವರೆಗೂ ಅದು ನಡೆಯುತ್ತಿತ್ತು.

ಹದಿನಾರರ ಒಳಗಿನವರ ಟೀಮಿಗೆ ನಾನು ಹದಿಮೂರಕ್ಕೇ ಸೇರಿದೆ. ಗೋಲಿನ ಮುಂದೆ, ಡಿಫೆನ್ಸಿನ ನಡುವೆ ನಿಲ್ಲಿಸಿದರು. "ಚೆಂಡು ಬಂತಾ, ಎತ್ತಿ ದೂರ ಹೊಡಿ. ಬೇರೇನೂ ಮಾಡ್ಬೇಡ," ಎಂದು ಕೋಚ್ ಸಾರ್ ಹೇಳಿದರು. ಹಾಗೇ ಮಾಡಿದೆ, ಗೆದ್ದೆವು. ಒಂದೇ ಒಂದು ಸಲ ಚೆಂಡನ್ನು ಕಾಲಡಿ ನಿಲ್ಲಿಸಿ, ಎದುರಿನವನನ್ನು ತಪ್ಪಿಸಿ ಪಾಸ್ ಕೊಡಲು ನೋಡಿದೆ. ಅವನು ಕಿತ್ತುಕೊಂಡು ಹೋಗಿ ಗೋಲ್ ಹೊಡೆದ. ಎಲ್ಲರೆದುರು ಕೋಚ್ ಸಾರ್ ಕೂಗಿದರು: "ನಿಂಗ್ಯಾರೋ ಆಟ ಆಡು ಅಂದಿದ್ದು?"

ಆಮೇಲೆ ನಾನು ಆಡಲಿಲ್ಲ, ಹೊಡೆದೆ ಅಷ್ಟೇ.

ನನಗೆ ಹದಿನೈದಾದಾಗ ಕಾರ್ಖಾನೆಗಳ ಮಕ್ಕಳ ಪಂದ್ಯಾವಳಿಯೊಂದಕ್ಕೆ ಟೀಮ್ ಆರಿಸಬೇಕಿತ್ತು. ಒಂದು ಸಂಜೆ ಕೋಚ್ ಸಾರ್ ನನ್ನೊಬ್ಬನನ್ನೇ ಸೈಕಲ್ ಸ್ಟ್ಯಾಂಡಿನ ಹತ್ತಿರ ಕರೆದರು.

"ನಿನ್ನ ತಮ್ಮನ್ನ ಹಾಕ್ಲೇನೋ? ಕಾಲು ಸಕ್ಕತ್ತಾಗಿದೆ. ಆದ್ರೆ ದೊಡ್ಡ ಹುಡುಗ್ರು ಗುದ್ದಿದ್ರೆ ತಡ್ಕೋತಾನಾ? ಮನೇಲಿ ನೋಡ್ತೀಯಲ್ಲ, ನೀನೇ ಹೇಳು."

"ಇನ್ನೂ ಚಿಕ್ಕೋನು ಸಾರ್. ಬಿದ್ರೆ ಅಳ್ತಾನೆ," ಎಂದೆ. "ಮುಂದಿನ ವರ್ಷ ನೋಡಿದ್ರಾಯ್ತು."

ಅವನು ಬಿದ್ದಾಗ ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ಮೊಣಕಾಲಿನ ಚರ್ಮ ಕಿತ್ತುಹೋದರೂ ಉಗುಳು ಹಚ್ಚಿಕೊಂಡು ಎದ್ದು ಓಡುವ ಹುಡುಗ ಅವನು. ಅದು ಗೊತ್ತಿದ್ದೇ ಹೇಳಿದೆ. ಮನೆಯಲ್ಲಿ ಟೀಮಿನ ಅಂಗಿ ಇದ್ದದ್ದು ನನ್ನೊಬ್ಬನಿಗೆ. ಅಪ್ಪ ಊಟದ ಹೊತ್ತಿನಲ್ಲಿ ಜೊತೆಯವರಿಗೆ ಹೇಳಿಕೊಳ್ಳುತ್ತಿದ್ದದ್ದು ನನ್ನೊಬ್ಬನ ವಿಷಯ. ಅದರಲ್ಲಿ ಪಾಲು ಕೊಡುವ ಮನಸ್ಸಿರಲಿಲ್ಲ. ಅವನು ಬಂದರೆ ನೋಡುವವರು ಅವನನ್ನೇ ನೋಡುತ್ತಾರೆ ಎಂಬುದೂ ಗೊತ್ತಿತ್ತು.

ಪಟ್ಟಿಯಲ್ಲಿ ತಮ್ಮನ ಹೆಸರಿರಲಿಲ್ಲ. "ಬೆಳೀತೀಯ ಕಣೋ, ಹೊಟ್ಟೆ ತುಂಬ ಉಣ್ಣು," ಎಂದರು ಅಪ್ಪ. ಆ ವರ್ಷವೆಲ್ಲ ಅವನು ಗೋಲಿನ ಹಿಂದೆ ನಿಂತು ಹೊರಗೆ ಹೋದ ಚೆಂಡು ತಂದುಕೊಟ್ಟ. ಮರುವರ್ಷ ಕೋಚ್ ಸಾರ್ ನನ್ನನ್ನು ಕೇಳುವ ಗೋಜಿಗೂ ಹೋಗಲಿಲ್ಲ. ಚಿಕ್ಕವನು ಎಂಬ ಮಾತು ಅವನಿಗೆ ಅಂಟಿಹೋಗಿತ್ತು. ಹತ್ತನೇ ಕ್ಲಾಸಿಗೆ ಬಂದಮೇಲೆ ಅವನು ಮೈದಾನಕ್ಕೆ ಬರುವುದನ್ನೇ ನಿಲ್ಲಿಸಿದ. ಪಕ್ಕದ ಮನೆಯವರಿಗೆ ಬೈಯುವ ಕೆಲಸ ತಪ್ಪಿತು. ಐಟಿಐ ಸೇರಿದ ವರ್ಷ ಒಮ್ಮೆಲೇ ಬೆಳೆದು ನನಗಿಂತ ಎರಡು ಬೆರಳು ಎತ್ತರವಾದ. ಆಗ ಆ ಎತ್ತರ ಯಾರಿಗೂ ಬೇಕಿರಲಿಲ್ಲ.

ಹತ್ತೊಂಬತ್ತಕ್ಕೆ ನಾನು ಕಾರ್ಖಾನೆಯ ದೊಡ್ಡವರ ಟೀಮಿನ ಆಯ್ಕೆಗೆ ಹೋದೆ. ಆಯ್ಕೆಯಾದರೆ ಒಳಗೆ ಟೆಂಪರರಿ ಕೆಲಸ ಸಿಗುತ್ತದೆ ಎಂಬ ಮಾತಿತ್ತು. ತಮ್ಮನಿಗೆ ಅಂದು ರಜೆ. ಸೈಕಲ್ಲಿನಲ್ಲಿ ಅವನೇ ಕರೆದುಕೊಂಡು ಹೋದ.

ಆಯ್ಕೆ ಮಾಡುತ್ತಿದ್ದವರೂ ಕೋಚ್ ಸಾರೇ. ಅದೇ ಎಂಟು ಇಟ್ಟಿಗೆ ಇಟ್ಟಿದ್ದರು. ನಾನು ಚೆಂಡು ತೆಗೆದುಕೊಂಡು ಹೋಗಿ ಬಂದೆ, ಆಮೇಲೆ ಚೆಂಡಿಲ್ಲದೆ ಓಡಿದೆ. ಅವರು ನೋಟ್‌ಬುಕ್ಕಿನ ಹಳೆಯ ಹಾಳೆಗಳನ್ನು ತಿರುವಿದರು. ಅಂದಿನ ಲೆಕ್ಕಕ್ಕೆ ಇಂದಿನದನ್ನು ಹೋಲಿಸಿದರು.

"ಓಟ ಎಷ್ಟೋ ಮುಂದೆ ಬಂದಿದೆ. ಚೆಂಡಿದ್ರೆ ಮಾತ್ರ ಎಂಟನೇ ಕ್ಲಾಸಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ಇಷ್ಟು ವರ್ಷ ಏನೋ ಕಲಿತೆ?"

"ನೀವು ಕಲಿಸಿದ್ದನ್ನೇ ಸಾರ್. ಎತ್ತಿ ಹೊಡೆಯೋದು."

ಅವರ ಮುಖ ಕೆಂಪಾಯಿತು. "ಗೆದ್ವಲ್ಲೋ ಆಗ," ಎಂದು ಪುಸ್ತಕ ಮುಚ್ಚಿದರು.

ಆಗಲೇ ತಮ್ಮ ಅವರ ಕಣ್ಣಿಗೆ ಬಿದ್ದ. "ಇವ್ನು ಆ ಕುಳ್ಳ ಅಲ್ವಾ? ಎಷ್ಟುದ್ದ ಆಗ್ಬಿಟ್ಟಿದ್ದೀಯೋ! ಹೋಗು, ನೀನೂ ಒಂದ್ಸಲ ಮಾಡು."

ತಮ್ಮ ಬೇಡವೆಂದ. ಅವರು ಬಿಡಲಿಲ್ಲ. ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು ಶುರುಮಾಡಿದ. ಮೂರನೇ ಇಟ್ಟಿಗೆಯವರೆಗೆ ಹಳೆಯ ಹುಡುಗನೇ. ನಾಲ್ಕನೆಯದಕ್ಕೆ ಚೆಂಡು ಜಾರಿತು. ಓಡಿ ತಂದ. ಆರನೆಯದಕ್ಕೆ ಮತ್ತೆ ಜಾರಿತು. ಆ ಉದ್ದ ಕಾಲುಗಳಿಗೆ ಚೆಂಡಿನ ಪರಿಚಯವೇ ಇರಲಿಲ್ಲ. ಕೊನೆ ಮುಟ್ಟದೆ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಬಂದ.

"ಅವತ್ತೇ ನಿನ್ನ ಹಾಕ್ಬೇಕಿತ್ತು ಕಣೋ," ಎಂದರು ಕೋಚ್ ಸಾರ್. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ಹವಾಮಾನದ ಮಾತಾಡಿದ ಹಾಗೆ ಮುಂದುವರಿಸಿದರು: "ಹಾಕೋಣ ಅಂತಾನೇ ಇದ್ದೆ. ನಿಮ್ಮಣ್ಣನೇ ಬೇಡ ಅಂದ. ಬಿದ್ರೆ ಅಳ್ತಾನೆ ಅಂದ."

ತಮ್ಮ ನನ್ನ ಕಡೆ ತಿರುಗಲಿಲ್ಲ. ಚೆಂಡನ್ನು ಅವರ ಕೈಗೆ ಕೊಟ್ಟು, ಪ್ಯಾಂಟು ಇಳಿಸಿ, ಚಪ್ಪಲಿ ಮೆಟ್ಟಿಕೊಂಡ.

ವಾಪಸ್ ಬರುವಾಗಲೂ ಸೈಕಲ್ ತುಳಿದವನು ಅವನೇ. ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತಿದ್ದೆ. ತುಮಕೂರು ರಸ್ತೆಯಲ್ಲಿ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ರಸ್ತೆ ದಾಟಲು ಕಾಲೂರಿ ನಿಂತಾಗ, ಮುಂದೆಯೇ ನೋಡುತ್ತಾ ಕೇಳಿದ:

"ನಾನು ಯಾವಾಗ ಅತ್ತಿದ್ದೆ ಅಣ್ಣ?"

ನಾನು ಕೇಳಿಸದವನಂತೆ ಕೂತೆ. ಅವನು ಎರಡನೇ ಸಲ ಕೇಳಲಿಲ್ಲ.

ನಾನು ಆಯ್ಕೆಯಾಗಲಿಲ್ಲ. ಎರಡು ವರ್ಷದಲ್ಲಿ ಕಾರ್ಖಾನೆಯವರು ಟೀಮನ್ನೇ ಮುಚ್ಚಿದರು. ನನಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆ ಶೆಡ್ಡಿನಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ತಮ್ಮ ಇನ್ನೊಂದು ಶೆಡ್ಡಿನಲ್ಲಿ ಫಿಟ್ಟರ್ ಆದ. ಬೆಳಗ್ಗೆ ಒಟ್ಟಿಗೇ ತಿಂಡಿ ತಿಂದು ಹೊರಡುತ್ತಿದ್ದೆವು. ಮಾತು ಬಿಡಲಿಲ್ಲ, ಅಣ್ಣ ಎನ್ನುವುದನ್ನೂ ಬಿಡಲಿಲ್ಲ. ಆದರೆ ಅವನ ಮದುವೆ ಗೊತ್ತಾದದ್ದು, ಬಾಡಿಗೆ ಮನೆ ನೋಡಿದ್ದು, ಎಲ್ಲವೂ ನನಗೆ ಅಮ್ಮನ ಬಾಯಿಂದಲೇ ತಿಳಿದವು.

ಅಪ್ಪ ರಿಟೈರ್ ಆದಮೇಲೂ ಮನೆಗೆ ಬಂದವರಿಗೆ ಹೇಳುತ್ತಿದ್ದರು: "ದೊಡ್ಡೋನು ಒಳ್ಳೆ ಆಟಗಾರ ಕಣ್ರೀ, ಅದೃಷ್ಟ ಇರ್ಲಿಲ್ಲ. ಚಿಕ್ಕೋನಿಗೆ ಆಟ ಅಷ್ಟಕ್ಕಷ್ಟೇ."

ಒಳಗಿನ ಕೋಣೆಯಲ್ಲಿ ಕೂತು ನಾನು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಒಂದು ಸಲವೂ ಎದ್ದು ಹೋಗಿ ತಿದ್ದಲಿಲ್ಲ.