ಗದ್ವಾಲ ಓಗೊಟ್ಟ ಮಧ್ಯಾಹ್ನ

ದೇವಿಕಾಳನ್ನು ಬಲ್ಲವರೆಲ್ಲ ಅವಳನ್ನು ಮೊಂಡಿ ಅನ್ನುತ್ತಾರೆ. ಅನ್ನಲಿ ಬಿಡಿ. ಆ ಮೊಂಡುತನ ಇಲ್ಲದಿದ್ದರೆ ಮಾಗನೂರಿನ ಕುರುಬರ ಮನೆಯ ಹೆಣ್ಣುಮಗಳು ರಾಯಚೂರಿಗೆ ಹೋಗಿ ಡಿಪ್ಲೊಮಾ ಓದುವುದೆಲ್ಲಿಂದ ಬಂತು? ಮನೆತುಂಬ ಬೇಡ ಅಂದವರೇ ಇದ್ದರು. ಅಪ್ಪ ವೆಂಕಟಯ್ಯ ಒಬ್ಬನೇ ಕಂಬಳಿ ಕೊಡವಿಕೊಂಡು ಎದ್ದು, "ಕುರಿ ಕಾಯಾಕ ನಾ ಅದೀನಿ, ಆಕಿ ಓದ್ಲಿ" ಎಂದು ಮಾತು ಮುಗಿಸಿಬಿಟ್ಟಿದ್ದ. ಆಮೇಲೆ ಮದುವೆಯಾಯಿತು. ಗಂಡ ಅಂಜನಕುಮಾರ ನಾರಾಯಣಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅದೇ ಊರಲ್ಲಿ ಇವಳಿಗೂ ಒಂದು ಖಾಸಗಿ ಕಂಪನಿಯ ಫೈಬರ್ ಸ್ಟೇಷನ್ನಿನಲ್ಲಿ ಕೆಲಸ ಸಿಕ್ಕಿತು.

ಸ್ಟೇಷನ್ ಅಂದರೆ ಬಟ್ಟೆ ಬೀರುವಿನಂಥ ಯಂತ್ರಗಳು ಸದಾ ಗುಂಯ್‌ಗುಡುವ ಒಂದು ತಣ್ಣನೆಯ ಕೋಣೆ. ಇಲ್ಲಿಂದ ಕೂದಲೆಳೆಯಂಥ ಗಾಜಿನ ತಂತಿ ನೆಲದೊಳಗೆ ಹೊರಟು ಮಕ್ತಲಕ್ಕೆ ಹೋಗುತ್ತದೆ, ಅಲ್ಲಿಂದ ಕೃಷ್ಣಾ ನದಿ ದಾಟಿ ಗದ್ವಾಲಕ್ಕೆ. ಆ ತಂತಿಯಲ್ಲಿ ಓಡುವುದು ಬೆಳಕು. ಒಂದೇ ಬೆಳಕಿನಲ್ಲಿ ಬ್ಯಾಂಕಿನವರ ಲೆಕ್ಕ, ಮೊಬೈಲಿನವರ ಮಾತು, ಕಚೇರಿಯವರ ಕಾಗದ ಎಲ್ಲವೂ ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಕೊಂಡು ಹೋಗುತ್ತವೆ. ಗಿರಾಕಿಯೊಬ್ಬನ ಡಬ್ಬಿ ಈ ತುದಿಯಲ್ಲಿ ಹತ್ತಿ, ನಡುವೆ ಎಲ್ಲೂ ದಾರಿ ತಪ್ಪದೆ, ಆ ತುದಿಯಲ್ಲೇ ಇಳಿಯುವಂತೆ ಮಾಡುವುದು ದೇವಿಕಾಳ ಕೆಲಸ.

ಹೇಳುವುದಕ್ಕೆ ಸುಲಭ. ಆದರೆ ಆ ಕಂಪನಿಯಲ್ಲಿ ಒಂದು ಕೆಟ್ಟ ರೂಢಿ ಬೇರುಬಿಟ್ಟಿತ್ತು. ನಾರಾಯಣಪೇಟೆಯವರು ಮಕ್ತಲದವರೆಗೆ ದಾರಿ ಕಟ್ಟುವುದು, ಗದ್ವಾಲದವರು ಮಕ್ತಲದವರೆಗೆ ಕಟ್ಟುವುದು, ನಡುವೆ ಮಕ್ತಲದವರು ಪುರುಸೊತ್ತಾದಾಗ ಎರಡನ್ನೂ ಜೋಡಿಸುವುದು. ಲೈನ್ ಕೆಟ್ಟರೆ ಮೂರೂ ಊರಿನವರು ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ನಡುವೆ ಗಿರಾಕಿ ಫೋನ್ ಮಾಡಿ ಮಾಡಿ ಸಾಯುತ್ತಿದ್ದ.

ದೇವಿಕಾ ಎರಡು ವರ್ಷ ಒಂದೇ ಹಾಡು ಹಾಡಿದಳು. ಈ ತುದಿ, ಆ ತುದಿ ಎರಡನ್ನೂ ಒಂದೇ ಪರದೆಯ ಮೇಲೆ ಆರಿಸಿ, ನಡುವಿನ ಯಂತ್ರಕ್ಕೂ ಇಲ್ಲಿಂದಲೇ ಅಪ್ಪಣೆ ಕೊಟ್ಟು, ದಾರಿಯನ್ನು ಪೂರ್ತಿಯಾಗಿ ಒಬ್ಬರೇ ಕಟ್ಟಬಹುದು. ಯಂತ್ರಗಳಿಗೆ ಆ ವಿದ್ಯೆ ಇದೆ, ಮನುಷ್ಯರೇ ಬಿಡುತ್ತಿಲ್ಲ. ಮಕ್ತಲದ ಸ್ಟೇಷನ್ ನೋಡಿಕೊಳ್ಳುವ ರಾಜಕುಮಾರನಿಗೆ ಈ ಮಾತು ಕೇಳಿದರೇ ಮೈಯುರಿ. "ನಮ್ಮ ಮನಿ ಕೀಲಿ ನಿಮ್ಮ ಕೈಯಾಗ ಯಾಕ್ರಿ ಕೊಡಬೇಕು?" ಎಂದು ಅವನು ಫೋನಿನಲ್ಲೇ ಗುಡುಗಿದ್ದ.

ಕೊನೆಗೆ ಮೇಲಧಿಕಾರಿ ಭಾನುಪ್ರಕಾಶ ಬೇಸತ್ತು ಒಪ್ಪಿಕೊಂಡರು. ಗದ್ವಾಲದ ಒಂದು ಹೆರಿಗೆ ಆಸ್ಪತ್ರೆಗೆ ಹೊಸ ಲೈನ್ ಬೇಕಾಗಿತ್ತು. ಅಲ್ಲಿ ಬಸುರಿಯರಿಗೆ ಸ್ಕ್ಯಾನ್ ಮಾಡುವಾಗಲೇ ನಾರಾಯಣಪೇಟೆಯಲ್ಲಿ ಕೂತ ಅಖಿಲಾ ಡಾಕ್ಟರು ಆ ಚಿತ್ರ ನೋಡಬೇಕು. ಇಲ್ಲವಾದರೆ ದಿನ ತುಂಬಿದ ಹೆಂಗಸರು ಬಸ್ಸು ಹತ್ತಿ ಇಲ್ಲಿಗೇ ಬರಬೇಕು.

"ಇದೊಂದ್ ಲೈನ್ ನೀವೊಬ್ರೇ ಕಟ್ರಿ. ಮಕ್ತಲದ ಯಂತ್ರ ಇವತ್ ಸಂಜಿ ಮಟ ನಿಮ್ಮ ಕೈಯಾಗ, ಈ ಲೈನಿಗಷ್ಟೇ. ಆತು ಅಂದ್ರ ಮುಂದಿನ ಲೈನೆಲ್ಲಾ ನಿಮ್ಮವೇ. ಆಗ್ಲಿಲ್ಲಂದ್ರ ಕಂಪ್ಲೇಂಟ್ ಡೆಸ್ಕಿನ್ಯಾಗ ಕೂತು ಫೋನ್ ಎತ್ತಬೇಕು, ಈ ಮಾತು ಮತ್ತ ಎತ್ತಬಾರದು" ಎಂದರು ಭಾನುಪ್ರಕಾಶ.

ದೇವಿಕಾ ಒಪ್ಪಿದಳು. ಕಂಪ್ಲೇಂಟ್ ಡೆಸ್ಕ್ ಅಂದರೆ ಅವಳಿಗೆ ಜೀವಂತ ಹೂತಂತೆ. ಆದರೂ ಒಪ್ಪಿದಳು.

ಆ ದಿನ ಊಟ ಮುಗಿಸಿ ಕೂತು ಅವಳು ನಾರಾಯಣಪೇಟೆಯ ತುದಿ ಹಿಡಿದಳು, ಗದ್ವಾಲದ ತುದಿ ಹಿಡಿದಳು, ಡಬ್ಬಿಯ ಅಳತೆ ಹೇಳಿದಳು, ಮಕ್ತಲದ ಮೂಲಕ ದಾರಿ ತೋರಿಸಿದಳು. ಇನ್ನು ಹೆಸರು. ಪ್ರತಿ ತುದಿಯೂ ಬೆಳಕಿನ ಜೊತೆಗೆ ತನ್ನದೊಂದು ಹೆಸರನ್ನು ಕಳಿಸುತ್ತಲೇ ಇರುತ್ತದೆ, ಎದುರಿನ ತುದಿ ಅದನ್ನು ಓದಿಕೊಳ್ಳಬಹುದು. ಉಳಿದವರೆಲ್ಲ ಸೋಮಾರಿತನಕ್ಕೆ ಎಲ್ಲ ತುದಿಗೂ ಕಂಪನಿಯ ಹೆಸರನ್ನೇ ಹಾಕಿಬಿಡುತ್ತಿದ್ದರು. ಹೆಸರು ಹೊಂದದಿದ್ದರೆ ಯಂತ್ರ ಕೂಗಿಕೊಳ್ಳುವ ಏರ್ಪಾಟನ್ನೂ ತಲೆನೋವೆಂದು ಯಾವ ಕಾಲದಲ್ಲೋ ಬಂದ್ ಮಾಡಿಟ್ಟಿದ್ದರು. ಎಲ್ಲ ಮಕ್ಕಳಿಗೂ ಒಂದೇ ಹೆಸರಿಟ್ಟರೆ ಕರೆದಾಗ ಯಾರು ಬಂದರೆಂದು ತಿಳಿಯುವುದು ಹೇಗೆ?

ದೇವಿಕಾ ಹಾಗೆ ಮಾಡಲಿಲ್ಲ. ಅವಳ ಮನೆದೇವರು ಮೈಲಾರ. ಮಾಗನೂರಿನ ಹಳ್ಳದ ಈಚೆ ದಂಡೆಯಿಂದ ಅಪ್ಪ ಆ ದೇವರ ಜಯಕಾರವಾಗಿ "ಏಳುಕೋಟಿ ಏಳುಕೋಟಿಗೋ" ಎಂದು ಕೂಗಿದರೆ, ಆಚೆ ದಂಡೆಯ ಕುರಿಗಾರರು "ಛಾಂಗಮಲೋ" ಎಂದು ಓಗೊಡಬೇಕು. ತಿರುಗಿ "ಏಳುಕೋಟಿ" ಅಂತಲೇ ಕೇಳಿಸಿದರೆ ಅದು ಬರೀ ಬಂಡೆಯ ಸದ್ದು, ಆಚೆ ಯಾರೂ ಇಲ್ಲವೆಂದು ಅರ್ಥ. ಅಪ್ಪ ಆಗ ಕುರಿಯನ್ನು ನೀರಿಗಿಳಿಸುತ್ತಿರಲಿಲ್ಲ. ಅದನ್ನೇ ನೆನೆದು ಅವಳು ನಾರಾಯಣಪೇಟೆಯ ತುದಿಗೆ ಏಳುಕೋಟಿ ಎಂದೂ ಗದ್ವಾಲದ ತುದಿಗೆ ಛಾಂಗಮಲೋ ಎಂದೂ ಹೆಸರಿಟ್ಟಳು. ಭಾನುಪ್ರಕಾಶ ನಕ್ಕು, "ಏನಮ್ಮಾ, ಯಂತ್ರಕ್ಕೂ ಭಂಡಾರ ಹಚ್ಚತೀರೇನು?" ಎಂದು ಕೆಣಕಿದರು.

ಅವಳು ಗುಂಡಿ ಒತ್ತಿದಳು. ಇಲ್ಲಿ ಹಸಿರು ದೀಪ ಹತ್ತಿತು. ಗದ್ವಾಲದ ಸ್ಟೇಷನ್ನಿನಲ್ಲಿ ಯಂತ್ರದ ಮುಂದೆ ನಿಂತಿದ್ದ ಪ್ರಶಾಂತಿ ಫೋನಿನಲ್ಲಿ ಕಿರುಚಿದಳು: "ಅಕ್ಕಾ, ಇಲ್ಲೂ ಹಸರು!"

ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಭಾನುಪ್ರಕಾಶ ಪೇಢಾ ಡಬ್ಬಿ ಬಿಚ್ಚಿಯೇಬಿಟ್ಟರು, ಹೈದರಾಬಾದಿನ ದೊಡ್ಡವರಿಗೆ ಸುದ್ದಿಯನ್ನೂ ಮುಟ್ಟಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವರದು ಎತ್ತಿದ ಕೈ. "ಬರ್ರಿ, ಲೈನ್ ಪಾಸಾತು ಅಂತ ದಸ್ಕತ್ ಹಾಕ್ರಿ" ಎಂದರು.

ದೇವಿಕಾಳಿಗೂ ಕುಣಿಯಬೇಕು ಅನಿಸಿತ್ತು. ಪೆನ್ನು ಕೈಯಲ್ಲಿ ಹಿಡಿದೇ, ಎದುರಿನಿಂದ ಬಂದ ಹೆಸರು ನೋಡಿಬಿಡೋಣವೆಂದು ಆ ಪುಟ ತೆರೆದಳು. ಅಲ್ಲಿ ಬರೆದಿತ್ತು: ಏಳುಕೋಟಿ.

ಅದು ಅವಳೇ ಈ ತುದಿಗೆ ಇಟ್ಟ ಹೆಸರು. ಕಣ್ಣು ಮುಚ್ಚಿ ದಸ್ಕತ್ತು ಹಾಕಿದರೆ ಅವಳು ಬಯಸಿದ್ದೆಲ್ಲ ಅವಳದೇ. ನಾಳೆ ಲೈನ್ ಓಡದಿದ್ದರೆ ತಪ್ಪು ಆಸ್ಪತ್ರೆಯ ಕಂಪ್ಯೂಟರಿನದೆಂದು ಹೇಳಲು ಹತ್ತು ಮಂದಿ ತಯಾರಿರುತ್ತಾರೆ. ಅವಳು ಪೆನ್ನು ಕೆಳಗಿಟ್ಟಳು.

"ಆಗಿಲ್ರಿ ಸರ್. ಲೈನ್ ಇನ್ನಾ ಗದ್ವಾಲ ಮುಟ್ಟಿಲ್ಲ."

"ಏನ್ ಹುಚ್ಚಾಟ ಹಚ್ಚೀರಿ? ಹಸರ್ ದೀಪ ಕಣ್ಣಿಗಿ ಕಾಣವಲ್ದೇನು?"

"ಕಾಣತೈತ್ರಿ. ಆದ್ರ ನನ್ನ ದನಿ ತಿರಿಗಿ ನನಗ ಕೇಳಸಾಕತ್ತೈತಿ. ಗದ್ವಾಲದ ದನಿ ಅಲ್ಲದು."

"ದೊಡ್ಡೋರಿಗೆ ಆತು ಅಂತ ಹೇಳೀನಮ್ಮಾ ನಾನು!" ಪೇಢಾ ಹಿಡಿದ ಭಾನುಪ್ರಕಾಶರ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತ್ತು.

ದೇವಿಕಾ ಫೋನಿಗೆ ಬಾಗಿ, "ಪ್ರಶಾಂತಿ, ನಿಂಗೇನ್ ಹೆಸರು ಬಂದೈತಿ ನೋಡವ್ವಾ" ಎಂದಳು.

ಸ್ವಲ್ಪ ಹೊತ್ತಿಗೆ ಪ್ರಶಾಂತಿಯ ದನಿ ಸಣ್ಣದಾಗಿ ಬಂತು. "ಛಾಂಗಮಲೋ ಅಂತೈತಕ್ಕಾ. ಅದು ನಂದೇ ಅಲ್ಲೇನು?"

ಹಾಗಾದರೆ ಎರಡು ಬೆಳಕೂ ಮಕ್ತಲದವರೆಗೆ ಹೋಗಿ, ಅಲ್ಲಿಂದ ಬಂದ ದಾರಿಗೇ ಮರಳುತ್ತಿವೆ. ಎರಡೂ ಊರು ತಮ್ಮ ಬೆನ್ನು ತಾವೇ ತಟ್ಟಿಕೊಂಡು ಭೇಷ್ ಅನ್ನುತ್ತಿವೆ. ಮಕ್ತಲದ ಯಂತ್ರದೊಳಗೆ ಏನಾಗಿದೆ ಎಂಬುದು ಅವಳ ಪರದೆಗೆ ಪೂರ್ತಿ ಕಾಣದು, ಅಷ್ಟು ಅಧಿಕಾರ ಅವಳಿಗೆ ಕೊಟ್ಟಿರಲಿಲ್ಲ. ರಾಜಕುಮಾರನನ್ನೇ ಕೇಳಬೇಕು. ಒಂದು ಮಾತು ಹೆಚ್ಚುಕಡಿಮೆಯಾದರೆ ಅವನು ಫೋನಿಟ್ಟು ಹೋಗುತ್ತಾನೆ, ಕಥೆ ಅಲ್ಲಿಗೆ ಮುಗಿಯಿತು. ಮೊಂಡಿ ದೇವಿಕಾ ಅಂದು ದನಿಯನ್ನು ಬೆಣ್ಣೆ ಮಾಡಿಕೊಂಡಳು.

"ರಾಜಕುಮಾರಣ್ಣಾ, ನಿಮ್ಮಲ್ಲಿ ಸಿಗ್ನಲ್ ಹೊಳ್ಳಿಸಿ ಇಟ್ಟೀರೇನ್ರಿ? ಎರಡೂ ಕಡಿ ನಮ್ಮದ ನಮಗ ಬರಾಕತ್ತೈತಿ."

ರಾಜಕುಮಾರ ಎದ್ದು ಹೋಗಿ ಯಂತ್ರ ನೋಡಿ ಬಂದ. ಆಮೇಲೆ ಅವನು ಅಂದ: "ಮುಂಜಾನಿ ಟೆಸ್ಟಿಗೆ ಹೊಳ್ಳಿಸಿದ್ದೆ. ಯಾವಾಗ್ಲೂ ಹಂಗೇ ಬಿಡತೀವಲ್ರಿ, ಜೋಡಸೂ ಮಟ ಎರಡೂ ಕಡಿ ಹಸರು ಇರ್ಲಿ ಅಂತ. ಇವತ್ತು ಜೋಡಸೂದು ನನ್ನ ಕೆಲಸ ಅಲ್ಲಲ್ಲ, ತಲ್ಯಾಗೇ ಬರಲಿಲ್ಲ."

ಸುಳ್ಳಲ್ಲ. ಅವರ ಕಂಪನಿಯಲ್ಲಿ ಹಸಿರು ದೀಪವೆಂದರೆ ಇಷ್ಟು ವರ್ಷವೂ ಹೀಗೇ ಬಂದದ್ದು. ಎಲ್ಲರೂ ಅದನ್ನು ನೋಡಿಯೇ ಪಾಸು ಮಾಡುತ್ತಿದ್ದರು, ಬೆಳ್ಳಗಿರುವುದೆಲ್ಲ ಹಾಲೇ ಎಂದು ಯಾರೂ ಕೇಳಿರಲಿಲ್ಲ. ದೇವಿಕಾ ಅದನ್ನು ಎತ್ತಿ ಆಡಲಿಲ್ಲ. "ಇರ್ಲಿ ಬಿಡ್ರಿ ಅಣ್ಣಾ, ಈಗ ತಗೀರಿ" ಎಂದಳು.

ತೆಗೆದ. ತೆಗೆದ ಕೂಡಲೇ ಎರಡೂ ಕಡೆಯ ದೀಪ ಕೆಂಪಾಯಿತು. ಭಾನುಪ್ರಕಾಶ ಪೇಢಾವನ್ನು ಡಬ್ಬಿಗೆ ವಾಪಸ್ಸು ಹಾಕಿದರು. ಈಗ ಮಕ್ತಲದ ಯಂತ್ರ ಎರಡೂ ಕಡೆಯ ದಾರಿಯನ್ನು ಒಂದಾಗಿ ಜೋಡಿಸಬೇಕು. ದೇವಿಕಾ ಸೆರಗಿನಿಂದ ಅಂಗೈ ಒರೆಸಿಕೊಂಡು ಕಾದಳು. ಕೆಂಪು ಹೋಯಿತು, ಹಸಿರು ಬಂತು. ಅವಳು ಹಸಿರಿನ ಕಡೆ ನೋಡಲೂ ಇಲ್ಲ, ಹೆಸರಿನ ಪುಟವನ್ನೇ ದಿಟ್ಟಿಸಿದಳು.

ಛಾಂಗಮಲೋ.

ಅವಳು ಬಾಯಿ ತೆರೆಯುವ ಮೊದಲೇ ಗದ್ವಾಲದಿಂದ ಪ್ರಶಾಂತಿ ಕೂಗಿದಳು: "ಏಳುಕೋಟಿ ಏಳುಕೋಟಿ ಅಕ್ಕಾ! ಬಂತು!" ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದರೆ ಒರೆಸಿಕೊಳ್ಳಬಾರದು ಎನ್ನುತ್ತಾಳೆ ದೇವಿಕಾಳ ಅವ್ವ, ಇವಳೂ ಒರೆಸಿಕೊಳ್ಳಲಿಲ್ಲ.

ಇಳಿಹೊತ್ತಿಗೆ ಆಸ್ಪತ್ರೆಯವರು ತಮ್ಮ ಯಂತ್ರ ಜೋಡಿಸಿದರು. ಅಖಿಲಾ ಡಾಕ್ಟರ ಫೋನ್ ಬಂತು. "ದೇವಿಕಾ ಅವರೇ, ಗದ್ವಾಲದ ಕೂಸು ಇಲ್ಲಿ ನನ್ನ ಮುಂದ ಕಾಲು ಝಾಡಿಸಾಕತ್ತೈತ್ರಿ. ಎದಿ ಬಡಿಯೂದೂ ಚೊಕ್ಕ ಕಾಣತೈತಿ" ಎಂದು ನಕ್ಕರು. ಭಾನುಪ್ರಕಾಶ ಡಬ್ಬಿ ಮತ್ತೆ ಬಿಚ್ಚಿ, ಮೊದಲ ಪೇಢಾವನ್ನು ದೇವಿಕಾಳ ಕೈಗೇ ಇಟ್ಟರು. ಅವಳು ತಿಂದು, ಕೈ ತೊಳೆದು, ಆಮೇಲೆ ದಸ್ಕತ್ತು ಹಾಕಿದಳು.

ಇನ್ನೊಂದು ಕೆಲಸ ಉಳಿದಿತ್ತು. ಸಂಜೆಯಾಗಿತ್ತು, ಮಕ್ತಲದ ಯಂತ್ರದ ಮೇಲಿನ ಅಧಿಕಾರವನ್ನು ಮಕ್ತಲಕ್ಕೇ ಮರಳಿಸಬೇಕು. ಮಾತೆಂದರೆ ಮಾತು. ಅವಳು ರಾಜಕುಮಾರನಿಗೆ ಫೋನ್ ಹಚ್ಚಿದಳು. "ಅಣ್ಣಾ, ನಿಮ್ಮ ಕೀಲಿ ವಾಪಸ್ ಕೊಡಾಕತ್ತೀನ್ರಿ."

"ನಿಂದರ್ರಿ," ಎಂದ ರಾಜಕುಮಾರ. ಅವನ ದನಿಯಲ್ಲಿ ಹಳೆಯ ಗುಡುಗು ಇರಲಿಲ್ಲ. "ಭಾನುಪ್ರಕಾಶ್ ಸರ್ ಜೋಡಿ ಈಗ ಮಾತಾಡೀನಿ. ಇನ್ನ ಮ್ಯಾಗ ನಾರಾಯಣಪೇಟಿ, ಮಕ್ತಲ, ಗದ್ವಾಲ ಮೂರೂ ನಿಮ್ಮ ಕುರ್ಚಿಯಿಂದಲೇ ನಡೀಲಿ ಅಂದೀನಿ. ಕೀಲಿ ನಿಮ್ಮ ಕೈಯಾಗೇ ಇಟ್ಕೊಳ್ರಿ ಅಕ್ಕಾ."

ವಯಸ್ಸಿನಲ್ಲಿ ಅವನೇ ದೊಡ್ಡವನು. ಆದರೂ ಅಕ್ಕಾ ಅಂದಿದ್ದ.

ದೇವಿಕಾ ಹೊರಗೆ ಬಂದು, ಬಿಸಿಲಾರಿದ ಮೆಟ್ಟಿಲ ಮೇಲೆ ಕೂತು ಮಾಗನೂರಿಗೆ ಫೋನ್ ಮಾಡಿದಳು. ಎತ್ತಿದವಳು ಅವ್ವ ಆಶಮ್ಮ.

"ಅವ್ವಾ, ಮಕ್ತಲ ಗೆದ್ದೆ!"

"ಅಯ್ಯ ಶಿವನೇ, ಯಾರ್ ಕೂಡ ಜಗಳಾ ತಗದಿ ಮತ್ತ?" ಎಂದಳು ಆಶಮ್ಮ. ಆಮೇಲೆ, ಉತ್ತರಕ್ಕೂ ಕಾಯದೆ, ಫೋನನ್ನು ಕಿವಿಗಿಟ್ಟುಕೊಂಡೇ ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಕೇಳ್ರಿಲ್ಲೇ, ನನ್ನ ಮಗಳು ಮಕ್ತಲ ಗೆದ್ದಾಳಂತ!"