ನಡುಮನೆಯ ಮೀಟರು

ಆ ಬೀದಿಗಳಲ್ಲಿ ಎಲ್ಲರೂ ಅವಳನ್ನು ಮೀಟರಕ್ಕ ಎಂದೇ ಕರೆಯುತ್ತಾರೆ. ಬೆಳಗಿನ ತಿಂಡಿಯ ಪಾತ್ರೆಗಳನ್ನು ತೊಳೆದು ಬೋರಲು ಹಾಕುವ ಹೊತ್ತಿಗೆ ಅವಳ ಕೆಲಸ ಶುರು. ಕತ್ತಿನಲ್ಲಿ ಗುರುತಿನ ಚೀಟಿ, ಹೆಗಲಿನಿಂದ ಇಳಿಬಿದ್ದ ಬಿಲ್ಲಿನ ಯಂತ್ರ, ಕೈಯಲ್ಲಿ ಮಡಿಸಿದ ಕೊಡೆ. ಗಂಟೆ ಒತ್ತಿದ ಮೇಲೆ ಬಾಗಿಲಿನಿಂದ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಾಳೆ. ಬಾಗಿಲು ತೆರೆದವರಿಗೆ ಮೊದಲು ಚೀಟಿ ಕಾಣಬೇಕು, ಆಮೇಲೆ ಮುಖ ಎಂದು ಕರೆಂಟು ಕಂಪನಿಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಹಳೆಯ ಮನೆಗಳಲ್ಲಿ ಮೀಟರುಗಳು ಎಲ್ಲೆಲ್ಲಿ ಅಡಗಿರುತ್ತವೆ ಎಂಬುದನ್ನು ಅವಳನ್ನೇ ಕೇಳಬೇಕು. ಮೆಟ್ಟಿಲ ಕೆಳಗೆ ಸೈಕಲ್ಲುಗಳ ಹಿಂದೆ, ಬಚ್ಚಲಿನ ಬಾಗಿಲ ನೆತ್ತಿಯ ಮೇಲೆ, ಒಂದು ಮನೆಯಲ್ಲಂತೂ ಮದುವೆಯ ಫೋಟೋದ ಹಿಂದೆ. ಫೋಟೋ ಸರಿಸಿ ಎಂದಾಗ ಆ ಮನೆಯ ಯಜಮಾನ, ತಿಂಗಳಿಗೊಮ್ಮೆಯಾದರೂ ಧೂಳು ಹೊಡೆದ ಹಾಗಾಗುತ್ತೆ ಬಿಡಿ ಎಂದಿದ್ದ. ಫೋಟೋಗೋ ನಿಮಗೋ ಎಂದು ಹೆಂಡತಿ ಒಳಗಿನಿಂದಲೇ ಕೇಳಿದ್ದಳು.

ಕಂಪನಿಗೆ ಅದರದೇ ನಿಯಮಗಳಿವೆ. ಮೀಟರಿನ ಮುಂದೆ ಸಾಮಾನು ಇಡಕೂಡದು. ನೆಲದ ಮೇಲೆ ನಿಂತೇ ಅಂಕಿ ಕಾಣುವಂತಿರಬೇಕು, ಸ್ಟೂಲು ಹತ್ತುವಂತಾಗಬಾರದು. ಮನೆಯಲ್ಲಿ ಮಕ್ಕಳಷ್ಟೇ ಇದ್ದರೆ ಹೊಸ್ತಿಲು ದಾಟಬಾರದು. ಒಳಗೆ ಹೋಗುವಾಗ ಹೇಳಿ ಹೋಗಬೇಕು, ಕೆಲಸ ಮುಗಿಸಿ ಹೊರಡುವಾಗಲೂ ಹೇಳಿಯೇ ಹೊರಡಬೇಕು. ಈ ಕೊನೆಯದನ್ನು ಅವಳ ಜೊತೆಯವರು ಯಾರೂ ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. ಮೀಟರಕ್ಕ ಮಾತ್ರ ಒಂದು ಮನೆಯಲ್ಲೂ ತಪ್ಪಿಸಿದವಳಲ್ಲ. ಕುಕ್ಕರು ಕೂಗುತ್ತಿದ್ದರೆ ಅದು ನಿಲ್ಲುವವರೆಗೆ ಕಾದು, ರೀಡಿಂಗ್ ಆಯ್ತು, ಬರ್ತೀನಿ ಎಂದು ಒಳಗಿದ್ದವರ ಕಿವಿಗೆ ಹಾಕಿಯೇ ಚಪ್ಪಲಿ ಮೆಟ್ಟುತ್ತಿದ್ದಳು.

ಈ ವರ್ಷ ಬೀದಿಗಳನ್ನು ಹೊಸದಾಗಿ ಹಂಚಿದಾಗ ದರ್ಜಿಯಮ್ಮನ ಮನೆಯಿದ್ದ ಬೀದಿ ಅವಳ ಪಾಲಿಗೆ ಬಂತು. ದರ್ಜಿಯಮ್ಮ ಒಂದು ಕಾಲಕ್ಕೆ ಅವಳ ಅತ್ತೆ.

ಆ ಮನೆಗೆ ಸೊಸೆಯಾಗಿ ಹೋಗಿ, ಕೆಲವು ವರ್ಷ ಇದ್ದು, ಒಂದು ಮಧ್ಯಾಹ್ನ ಬಿಟ್ಟು ಬಂದಿದ್ದಳು. ಗಂಡ ಕೆಟ್ಟವನಾಗಿರಲಿಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಪ್ರೆಸ್ಸಿನ ಕೆಲಸ ಮುಗಿಸಿ ಬಂದು, ಊಟ ಮಾಡಿ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವಳೊಂದಿಗೆ ಮಾತಾಡುತ್ತಿದ್ದವರು ಅತ್ತೆಯೊಬ್ಬರೇ. ಮುಂದಿನ ಕೋಣೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಗುಂಡಿ ಹಚ್ಚುವುದನ್ನೂ ಕಾಜಾ ಹೊಲಿಯುವುದನ್ನೂ ಕಲಿಸಿದ್ದರು. ಸೂಜಿಯ ಕಣ್ಣು ಕಾಣದಾದಾಗ, ಬಾರೇ ಇಲ್ಲಿ, ದಾರ ಪೋಣಿಸು ಎಂದು ಕೂಗುತ್ತಿದ್ದರು. ಅಂಥವರು ಹೊಲಿದ ಬಟ್ಟೆ ಕೊಡಲು ಹೊರಗೆ ಹೋಗಿದ್ದ ಹೊತ್ತು ನೋಡಿಕೊಂಡು ಅವಳು ಮನೆ ಬಿಟ್ಟಿದ್ದಳು. ಮುಂದೆ ಕೋರ್ಟಿನಲ್ಲಿ ಗಂಡ ಹೆಂಡತಿ ಇಬ್ಬರೂ ತಕರಾರಿಲ್ಲದೆ ಸಹಿ ಹಾಕಿದರು. ದರ್ಜಿಯಮ್ಮ ಅಲ್ಲಿಗೆ ಬರಲಿಲ್ಲ.

ಬೇಕಾದರೆ ಬೀದಿ ಬದಲಿಸಿಕೊಡುತ್ತೇನೆ ಎಂದು ಆಫೀಸಿನ ಮೇಲಿನವರು ಹೇಳಿದರು. ಅವಳು ಬೇಡವೆಂದಳು. ಒಂದು ಬೀದಿಗೆ ಹೆದರಿದರೆ ಅದಕ್ಕೆ ಸೇರುವ ಬೀದಿಗಳಿಗೂ ಹೆದರಬೇಕಾಗುತ್ತದೆ ಎಂಬುದು ಅವಳ ಲೆಕ್ಕ. ಮನೆಯಲ್ಲಿ ತಂಗಿ ಮಾತ್ರ ಸುಮ್ಮನಿರಲಿಲ್ಲ. ಬೇರೆಯವರು ಗಂಡನ ಮನೆಗೆ ಹೋಗಲು ಸೀರೆ ಆರಿಸುತ್ತಾರೆ, ನೀನು ಕೊಡೆ ಆರಿಸಿಕೋ ಎಂದು ಕಾಲೆಳೆದಳು.

ಮೊದಲ ತಿಂಗಳು ಹೋದಾಗ ಹೊಲಿಗೆ ಮೆಷಿನ್ನಿನ ಸದ್ದು ಗೇಟಿನವರೆಗೂ ಕೇಳುತ್ತಿತ್ತು. ಗಂಟೆ ಒತ್ತಿದಳು. ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. ಕಾದಳು. ಕೊನೆಗೆ, ಬಂದಿದ್ದೆವು, ರೀಡಿಂಗ್ ಸಿಗಲಿಲ್ಲ ಎಂಬ ಚೀಟಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಹಿಂತಿರುಗಿದಳು. ಗೇಟು ದಾಟುವಾಗ ಮೆಷಿನ್ನು ಮತ್ತೆ ಶುರುವಾಯಿತು.

ಎರಡನೆಯ ತಿಂಗಳು ಬಾಗಿಲು ಅರ್ಧ ತೆರೆಯಿತು. ದರ್ಜಿಯಮ್ಮನ ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕೂದಲು ಬೆಳ್ಳಗಾಗಿತ್ತು.

"ಯಾರು ನೀವು?"

ಅವಳು ಕತ್ತಿನ ಚೀಟಿ ಎತ್ತಿ ಹಿಡಿದಳು. ದರ್ಜಿಯಮ್ಮ ಕನ್ನಡಕ ಏರಿಸಿ ಅದರಲ್ಲಿದ್ದ ಹೆಸರನ್ನು, ಕೆಲಸವನ್ನು, ಕಂಪನಿಯ ಮುದ್ರೆಯನ್ನು ಒಂದೊಂದಾಗಿ ಓದಿದರು. ಫೋಟೋವನ್ನೂ ಮುಖವನ್ನೂ ತಾಳೆ ನೋಡಿದರು. ಮನೆಯಲ್ಲಿ ಗಂಡಸರಿಲ್ಲ, ಆಮೇಲೆ ಬನ್ನಿ ಎಂದು ಬಾಗಿಲು ಹಾಕಿದರು. ಇಷ್ಟು ಗೌರವ ಕೊಟ್ಟು ಅವರು ತನ್ನನ್ನು ಎಂದೂ ಮಾತಾಡಿಸಿರಲಿಲ್ಲ ಎಂದು ಅವಳಿಗೆ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಮೂರನೆಯ ಸಲವೂ ರೀಡಿಂಗ್ ಸಿಗದಿದ್ದರೆ ಲೈನ್ ಕತ್ತರಿಸಲು ಬರೆದು ಕಳಿಸಬೇಕು. ಬರೆಯಬೇಕಾದವಳು ಅವಳೇ. ಶಾಲೆಗಳು ಶುರುವಾಗುವ ಕಾಲ ಬೇರೆ, ದರ್ಜಿಯಮ್ಮನ ಮನೆ ತುಂಬ ಮಕ್ಕಳ ಯೂನಿಫಾರ್ಮಿನ ಬಟ್ಟೆ. ಮಂಡಿ ನೋವೆಂದು ಪೆಡಲು ತೆಗೆಸಿ ಮೆಷಿನ್ನಿಗೆ ಮೋಟರು ಹಾಕಿಸಿದ್ದರು, ಕರೆಂಟು ಹೋದರೆ ಹೊಲಿಗೆಯೂ ನಿಂತಂತೆ. ಮೂಲೆಯಂಗಡಿಯವನು ಆಗಲೇ, ಹಳೇ ಸೊಸೆ ಹೊಸ ಅಧಿಕಾರಿ, ಅತ್ತೆಗೆ ಕತ್ತಲೆ ಗ್ಯಾರಂಟಿ ಎಂದು ಹಲ್ಲು ಕಿರಿದಿದ್ದ. ಬರೆದರೆ ಸೇಡು ಅನ್ನುತ್ತಾರೆ. ಬರೆಯದೆ ಸುಳ್ಳು ಅಂಕಿ ತುಂಬಿದರೆ ಕೆಲಸ ಹೋಗುತ್ತದೆ.

ಮೂರನೆಯ ತಿಂಗಳು ಗಂಟೆ ಒತ್ತಲಿಲ್ಲ. ಬಾಗಿಲಿನಿಂದ ದೂರ ನಿಂತು, ಕಿಟಕಿಯ ಕಡೆ ಮುಖ ಮಾಡಿ ಸಣ್ಣ ದನಿಯಲ್ಲೇ ಹೇಳಿದಳು.

"ಇವತ್ತೂ ಆಗದೇ ಇದ್ರೆ ಲೈನ್ ಕಟ್ ಮಾಡೋಕೆ ನಾನೇ ಬರೀಬೇಕು. ಅದು ನನ್ನ ಕೈಯಿಂದ ಆಗೋದು ಬೇಡ."

ಮೆಷಿನ್ನು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಚಿಲಕ ಸರಿಯಿತು.

ಮುಂದಿನ ಕೋಣೆಯಲ್ಲಿ ಕತ್ತರಿಸಿದ ನೀಲಿ ಬಟ್ಟೆಯ ಚೂರುಗಳು ಕಾಲಿಗೆ ಸಿಕ್ಕಿಕೊಳ್ಳುತ್ತಿದ್ದವು. ಹೊಸ ಬಟ್ಟೆಯ ಗಂಜಿ ವಾಸನೆ, ಮೆಷಿನ್ನಿನ ಎಣ್ಣೆ ವಾಸನೆ. ಗೋಡೆಯ ಗಡಿಯಾರ ಆಗಿನಂತೆಯೇ ಒಂದಿಷ್ಟು ಮುಂದೆ ಓಡುತ್ತಿತ್ತು. ಮೀಟರು ನಡುಮನೆಯಲ್ಲಿತ್ತು, ಆದರೆ ಅದರ ಮುಂದೆ ಬಟ್ಟೆಯ ಬೀರು ಬಂದು ನಿಂತಿತ್ತು. ಮೀಟರಿನ ಮುಂದೆ ಸಾಮಾನು ಇರಕೂಡದು ಎಂದು ಅವಳು ಹೇಳಬೇಕಿತ್ತು, ಹೇಳಲಿಲ್ಲ. ಸುಮ್ಮನೆ ಬೀರುವಿನ ಒಂದು ಬದಿಗೆ ಹೆಗಲು ಕೊಟ್ಟಳು. ಇನ್ನೊಂದು ಬದಿ ತನ್ನಷ್ಟಕ್ಕೇ ಹಗುರಾಯಿತು. ನೋಡಿದರೆ ದರ್ಜಿಯಮ್ಮ ಮಂಡಿ ನೋವಿನಲ್ಲೇ ಕೈ ಹಚ್ಚಿದ್ದರು.

ಅಂಕಿ ಸಿಕ್ಕಿತು, ಯಂತ್ರ ಬಿಲ್ಲನ್ನು ಉಗುಳಿತು. ಎರಡು ಸಲ ರೀಡಿಂಗ್ ತಪ್ಪಿದ ಮನೆಯ ಮೀಟರನ್ನು ಹೊರಕ್ಕೆ ಸಾಗಿಸಬೇಕೆಂಬ ನಿಯಮವನ್ನೂ ಅವಳು ಆಗಲೇ ತಿಳಿಸಿದಳು. ಕಾಂಪೌಂಡಿನ ಗೋಡೆಗೆ ಬೀದಿಯ ಕಡೆ ಹಾಕಿಸಬಹುದು. ಇಲ್ಲವೇ ಗೇಟಿನ ಒಳಗೆ, ಮನೆಯ ಮುಂಗೋಡೆಗೆ. ಹಾಗೆ ಹಾಕಿಸಿದರೆ ಹಗಲು ಗೇಟಿಗೆ ಬೀಗ ಹಾಕುವಂತಿಲ್ಲ. ಆಯ್ಕೆ ಮನೆಯವರದು.

ಕಾಂಪೌಂಡಿಗೇ ಹಾಕಿಸುತ್ತೇನೆ ಎಂದರು ದರ್ಜಿಯಮ್ಮ, ಯಾರೂ ಒಳಗೆ ಬರುವ ತಾಪತ್ರಯವೇ ಇರುವುದಿಲ್ಲ.

ಅವಳು ತಲೆಯಾಡಿಸಿ ಬೀರುವಿನ ಪಕ್ಕದಿಂದ ಹೊರಬಂದಳು. ಹೊಸ್ತಿಲ ಹತ್ತಿರ ಅಭ್ಯಾಸಬಲದಿಂದ ಮಾತು ತಾನಾಗಿ ಬಂತು.

"ರೀಡಿಂಗ್ ಆಯ್ತು. ಬರ್ತೀನಿ."

ದರ್ಜಿಯಮ್ಮ ಮೆಷಿನ್ನಿನ ಮುಂದೆ ಕೂರಲು ಹೊರಟವರು ಹಾಗೇ ನಿಂತರು.

"ಹೇಳಿ ಹೋಗೋದನ್ನ ಕಂಪನಿಯವರು ಕಲಿಸಬೇಕಾಯ್ತು ನೋಡಿ ನಿಮಗೆ."

ಉತ್ತರ ಕೊಡಬೇಕೆಂದು ಅವಳು ಬಂದಿರಲಿಲ್ಲ. ಕೊಡೆಯ ಗುಂಡಿಯನ್ನು ಹಾಕಿದಳು, ತೆಗೆದಳು.

"ಅವತ್ತು ನಿಮಗೆ ಹೇಳಿದ್ದಿದ್ರೆ ನನಗೆ ಹೋಗೋಕೇ ಆಗ್ತಿರಲಿಲ್ಲ, ಅತ್ತೆ."

ದರ್ಜಿಯಮ್ಮ ಮೆಷಿನ್ನಿನ ಮುಂದೆ ಕೂತರು, ನೀಲಿ ಬಟ್ಟೆಯೊಂದನ್ನು ಎಳೆದುಕೊಂಡು ಅದರ ಅಂಚನ್ನು ಬೆರಳಿನಿಂದ ತೀಡಿದರು, ಈಗಾಗಲೇ ನೆಟ್ಟಗಿದ್ದ ಅಂಚನ್ನು. ಅವಳು ಚಪ್ಪಲಿ ಮೆಟ್ಟಿ, ಗೇಟು ದಾಟಿ, ಬೀದಿಯ ಕೊನೆಯವರೆಗೂ ನಡೆದಳು. ಮೆಷಿನ್ನು ಶುರುವಾದದ್ದು ಕೇಳಿಸಲಿಲ್ಲ.

ಆ ತಿಂಗಳೇ ಫಿಟ್ಟರು ಹೋಗಿ ಮೀಟರನ್ನು ಹೊರಕ್ಕೆ ಹಾಕಿ ಬಂದ. ಆಫೀಸಿನಲ್ಲಿ ಕಂಡಾಗ, ಆಯಮ್ಮನ ಸಹವಾಸ ಸಾಕಪ್ಪಾ ಎಂದ. ಕಾಂಪೌಂಡಿನ ಗೋಡೆಗೆ ಗುರುತು ಮಾಡಿ ತೂತು ಕೊರೆಯುವ ಹೊತ್ತಿಗೆ ಬಂದು, ಇಲ್ಲಿ ಬಿಸಿಲು ಯಾವ ಹೊತ್ತಿಗೆ ಬರುತ್ತೆ ಎಂದು ಕೇಳಿದರಂತೆ. ಮೀಟರಿಗೆ ಏನೂ ಆಗಲ್ಲ, ಪೆಟ್ಟಿಗೆ ಇರುತ್ತೆ ಎಂದು ಅವನು ಹೇಳಿದನಂತೆ. ಮೀಟರಿನ ವಿಷಯ ಯಾರು ಕೇಳಿದರು ಎಂದು ಅವನ ಮೇಲೇ ರೇಗಿದರಂತೆ. ಆಮೇಲೆ ಏನಾಯಿತೆಂದು ಅವಳು ಕೇಳಲಿಲ್ಲ. ಅವನೂ ಚಹಾ ಕುಡಿಯಲು ಎದ್ದು ಹೋದ.

ಮುಂದಿನ ತಿಂಗಳು ಆ ಬೀದಿಗೆ ಬಂದಾಗ ಸುಡುಬಿಸಿಲು. ಕಾಂಪೌಂಡಿನ ಗೋಡೆಯ ಉದ್ದಕ್ಕೂ ನೋಡಿದಳು. ಒಂದು ಕಡೆ ತೂತು ಕೊರೆದು ಸಿಮೆಂಟಿನಿಂದ ಮುಚ್ಚಿದ ಗುರುತಿತ್ತು, ಮೀಟರು ಇರಲಿಲ್ಲ. ಗೇಟಿನಲ್ಲಿ ಬೀಗ ಇರಲಿಲ್ಲ. ಒಳಗೆ, ಮುಂದಿನ ಕೋಣೆಯ ಕಿಟಕಿಯ ಪಕ್ಕದ ಗೋಡೆಗೆ, ಸೂರಿನ ನೆರಳಿನಲ್ಲಿ ಹೊಸ ಪೆಟ್ಟಿಗೆ ಕೂತಿತ್ತು. ಅವಳ ಕಣ್ಣಿನ ಎತ್ತರಕ್ಕೆ ಸರಿಯಾಗಿತ್ತು.

ಕೊಡೆ ಮಡಿಸಿ, ನೆರಳಿಗೆ ಹೋಗಿ ನಿಂತು ಅಂಕಿ ನೋಡಿದಳು. ಕಿಟಕಿಯೊಳಗೆ ಮೆಷಿನ್ನು ಓಡುತ್ತಿತ್ತು. ಹೊಸ್ತಿಲು ದಾಟದವರು ಹೇಳಿ ಹೊರಡಬೇಕೆಂದು ಯಾವ ನಿಯಮವೂ ಇಲ್ಲ. ಬಿಲ್ಲನ್ನು ಹರಿದು ಕಿಟಕಿಯ ಸರಳಿನ ನಡುವೆ ಇಟ್ಟಳು.

"ಬರ್ತೀನಿ, ಅತ್ತೆ."

ಮೆಷಿನ್ನು ನಿಲ್ಲಲಿಲ್ಲ, ನಿಧಾನವಾಯಿತು.

"ಗೇಟು ಎಳ್ಕೊಂಡು ಹೋಗು, ನಾಯಿ ನುಗ್ಗುತ್ತೆ."